ಮನೆಯೊಳಗಿನ ಗಾಳಿ ಮತ್ತು ಬೂಷ್ಟು ಪರೀಕ್ಷೆ: ಬೆಳಗಾವಿ ಕಡೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಹಿಡಿಯಿತು ಅಂದ್ರೆ ಟಿಳಕವಾಡಿ, ಶಹಾಪುರ, ವಡಗಾವಿ, ಖಾನಾಪುರ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಗೋಳು. ಕಪಾಟಿನ ಹಿಂದೆ ಕಪ್ಪು ಚುಕ್ಕಿ. ಚಪ್ಪಲಿ ಮೇಲೆ ಬಿಳಿ ಬೂಷ್ಟು. ಮಡಚಿಟ್ಟ ರೇಷ್ಮೆ ಸೀರೆ ತೆಗೆದರೆ ಮುಗ್ಗಲು ವಾಸನೆ. ಮಕ್ಕಳಿಗೆ ಕೆಮ್ಮು ಬಿಡುವುದೇ ಇಲ್ಲ. ಆಗ ಯಾರೋ ಹೇಳುತ್ತಾರೆ, ಮನೆಯ ಗಾಳಿ ಟೆಸ್ಟ್ ಮಾಡಿಸಿ ಅಂತ.

ಮಾಡಿಸಬಹುದು. ಆದರೆ ಪರೀಕ್ಷೆಯಿಂದ ಬೂಷ್ಟು ಹೋಗುವುದಿಲ್ಲ. ಬೂಷ್ಟು ಇದೆ ಅಂದ್ರೆ ಎಲ್ಲೋ ನೀರಿದೆ, ಆ ನೀರು ಸಿಗುವ ತನಕ ಯಾವ ವರದಿಯೂ ಕೆಲಸಕ್ಕೆ ಬರಲ್ಲ. ಅದಕ್ಕೇ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಫಲಿತಾಂಶ ಬಂದ ಮೇಲೆ ನಾನು ಏನು ಮಾಡುತ್ತೇನೆ? ಸಂಖ್ಯೆ ಜಾಸ್ತಿ ಬಂದರೂ ಕಡಿಮೆ ಬಂದರೂ ಮಾಡುವ ಕೆಲಸ ಒಂದೇ ಆಗಿದ್ದರೆ, ಆ ಹಣ ಗೌಂಡಿಗೆ ಕೊಡಿ.

ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ

ಬೂಷ್ಟು ಕಣ್ಣಿಗೆ ಕಾಣ್ತಾ ಇದೆಯಾ? ಹಾಗಿದ್ದರೆ ಸಾಮಾನ್ಯವಾಗಿ ಗಾಳಿಯ ಪರೀಕ್ಷೆ ಬೇಕಾಗಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಇದನ್ನೇ ಹೇಳುತ್ತದೆ. ಮನೆಯ ಗಾಳಿಯಲ್ಲಿ ಬೂಷ್ಟಿನ ಬೀಜಕಣ (ಬೂಷ್ಟು ಹರಡುವ, ಕಣ್ಣಿಗೆ ಕಾಣದ ಕಣ) ಇಷ್ಟೇ ಇರಬೇಕು ಎಂಬ ಸರಕಾರಿ ಮಿತಿ ಅಲ್ಲಿಯೂ ಇಲ್ಲ. ನಮ್ಮ ದೇಶದ 2009ರ ಗಾಳಿ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ, ಬೂಷ್ಟು ಅದರಲ್ಲಿಲ್ಲ. ಅಲ್ಲದೆ ಅದು ಹೊರಗಿನ ಗಾಳಿಗೆ ಮಾಡಿದ ಮಾನದಂಡ. ಹೀಗಿರುವಾಗ "ನಿಮ್ಮ ಮನೆ ಫೇಲ್ ಆಗಿದೆ" ಅಂತ ಯಾರಾದರೂ ಹೇಳಿದರೆ, ಯಾವ ಮಿತಿಯ ಪ್ರಕಾರ ಅಂತ ಕೇಳಿ.

ಪರೀಕ್ಷೆ ಉಪಯೋಗಕ್ಕೆ ಬರುವ ಸಂದರ್ಭಗಳು ಬೇರೆ. ಮುಗ್ಗಲು ವಾಸನೆ ಇದೆ, ಆದರೆ ಎಷ್ಟು ಹುಡುಕಿದರೂ ಜಾಗ ಸಿಗುತ್ತಿಲ್ಲ. ಮನೆಯಲ್ಲಿ ಅಸ್ತಮಾ ಇರುವವರು ಅಥವಾ ಕಿಮೋ ತೆಗೆದುಕೊಳ್ಳುವವರು ಇದ್ದಾರೆ, ವೈದ್ಯರೇ ಮನೆಯ ಬಗ್ಗೆ ವಿಚಾರಿಸಿದ್ದಾರೆ. ಹಳೆಯ ಮನೆ ಕೊಳ್ಳುತ್ತಿದ್ದೀರಿ, ಮಾರುವವರು ಈಗಷ್ಟೇ ಬಣ್ಣ ಹೊಡೆಸಿದ್ದಾರೆ. ಮಾಲೀಕರಿಗೂ ಬಾಡಿಗೆದಾರರಿಗೂ ತಕರಾರು ಇದೆ. ದೊಡ್ಡ ಮಟ್ಟದ ರಿಪೇರಿ ಮುಗಿದಿದೆ, ಸ್ವಚ್ಛ ಆಗಿದೆಯೋ ಇಲ್ಲವೋ ನೋಡಬೇಕು. ಇಂಥ ಕಡೆ ಹಣ ಹಾಕಿದರೆ ಅರ್ಥವಿದೆ.

ಇನ್ನೊಂದು ಮಾತು. 2021ರಲ್ಲಿ ಕೋವಿಡ್ ಜೊತೆ ಕೇಳಿದ ಬ್ಲ್ಯಾಕ್ ಫಂಗಸ್ ನೆನಪಾಗಿ ಗೋಡೆಯ ಕಪ್ಪು ಕಲೆ ನೋಡಿ ಹೆದರುವವರಿದ್ದಾರೆ. ಆ ಕಾಯಿಲೆ ತರುವ ಶಿಲೀಂಧ್ರದ ಗುಂಪೇ ಬೇರೆ. ಗೋಡೆಯ ಮೇಲೆ ಸಾಮಾನ್ಯವಾಗಿ ಬೆಳೆಯುವುದು ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲ್ಲಸ್, ಪೆನಿಸಿಲಿಯಂ. ಬಣ್ಣ ನೋಡಿ ಯಾವುದು ಅಪಾಯ ಅಂತ ಹೇಳಲು ಬರುವುದಿಲ್ಲ. ಯಾವುದೇ ಬಣ್ಣದ್ದಿದ್ದರೂ ತೆಗೆಯಲೇಬೇಕು.

ಮೊದಲ ಹೆಜ್ಜೆ: ಟಾರ್ಚ್ ಹಿಡಿದು ಮನೆ ಸುತ್ತಿ

ಹೊರಗೆ ಹೋಗಿ ಸ್ವಲ್ಪ ಹೊತ್ತು ಇದ್ದು ಒಳಗೆ ಬನ್ನಿ. ಬಂದ ಕೂಡಲೇ ಮೂಗಿಗೆ ಬಡಿಯುವ ವಾಸನೆ ಗಮನಿಸಿ. ಒಳಗೇ ಕೂತವರಿಗೆ ಅದು ಗೊತ್ತಾಗಲ್ಲ, ಮೂಗು ಹೊಂದಿಕೊಂಡುಬಿಡುತ್ತದೆ. ಒಂದು ಹಾಳೆ ಮೇಲೆ ಮನೆಯ ನಕ್ಷೆ ಗೀಚಿ, ವಾಸನೆ ಜಾಸ್ತಿ ಇರುವ ಕೋಣೆಗೆ ಗುರುತು ಹಾಕಿ.

ಆಮೇಲೆ ಟಾರ್ಚನ್ನು ಗೋಡೆಗೆ ಒತ್ತಿಹಿಡಿದು ಪಕ್ಕದಿಂದ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ಹಪ್ಪಳದಂತೆ ಎದ್ದ ಬಣ್ಣ, ಸಣ್ಣ ನವಿರು ಎಲ್ಲ ಎದ್ದು ಕಾಣುತ್ತದೆ. ಪಶ್ಚಿಮದ ಗೋಡೆಯನ್ನು ಮೊದಲು ನೋಡಿ, ನಮ್ಮ ಕಡೆ ಮಳೆ ಹೊಡೆಯುವುದು ಆ ದಿಕ್ಕಿನಿಂದ. ಕಪಾಟು, ಟ್ರೆಜರಿ, ಮಂಚದ ತಲೆಬದಿ ಗೋಡೆಯಿಂದ ಸರಿಸಿ. ಸಿಂಕಿನ ಕೆಳಗಿನ ಪ್ಲೈವುಡ್, ಕಿಟಕಿಯ ಕೆಳಮೂಲೆ, ಬಚ್ಚಲಿಗೆ ತಾಗಿದ ಗೋಡೆ, ಪಿಒಪಿ ಸೀಲಿಂಗ್‌ನ ಮೇಲ್ಭಾಗ, ಎಸಿ ನೀರು ಹೋಗುವ ಪೈಪು, ದೇವರಕೋಣೆಯ ಮೂಲೆ. ಹಂಚಿನ ಮನೆಯಾದರೆ ಗೋಡೆ ಮತ್ತು ಮರದ ತೊಲೆ ಸೇರುವ ಜಾಗ.

ಬಿಳಿ ಪುಡಿ ಕಂಡರೆಲ್ಲ ಬೂಷ್ಟು ಅಂದುಕೊಳ್ಳಬೇಡಿ. ಗೋಡೆ ನೀರು ಕುಡಿದಾಗ ಇಟ್ಟಿಗೆಯ ಉಪ್ಪು ಹೊರಗೆ ಬರುತ್ತದೆ. ಒಂದು ಹನಿ ನೀರು ಹಾಕಿ ಬೆರಳಲ್ಲಿ ಉಜ್ಜಿ ನೋಡಿ. ಕರಗಿದರೆ ಉಪ್ಪು. ಜಿಡ್ಡಾಗಿ ಮೆತ್ತಿಕೊಂಡರೆ ಬೂಷ್ಟು ಇರಬಹುದು. ಉಪ್ಪಾದರೂ ನೆಮ್ಮದಿಯ ವಿಷಯವಲ್ಲ, ಗೋಡೆಯೊಳಗೆ ನೀರು ಓಡಾಡುತ್ತಿದೆ ಅಂತಲೇ ಅರ್ಥ. ವಿಜಯಪುರ, ಬಾಗಲಕೋಟೆ ಕಡೆಯ ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ.

ಕಂಡದ್ದಕ್ಕೆಲ್ಲ ಫೋಟೊ ತೆಗೆದು ತಾರೀಕು ಬರೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದರೆ ಕಲೆ ಬೆಳೆಯುತ್ತಿದೆಯೋ ಇಲ್ಲವೋ ಮುಂದೆ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ತೇವ ಅಳೆಯಿರಿ

ಕೆಲವು ನೂರು ರೂಪಾಯಿಗೆ ಡಿಜಿಟಲ್ ಹೈಗ್ರೋಮೀಟರ್ ಸಿಗುತ್ತದೆ. ಮಲಗುವ ಕೋಣೆಗೊಂದು, ವಾಸನೆ ಇರುವ ಕೋಣೆಗೊಂದು ಇಡಿ. ಗಾಳಿಯ ತೇವಾಂಶ ಶೇ 60ರ ಕೆಳಗಿರಬೇಕು, 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಅಗ್ಗದ ಮೀಟರ್ ಸುಳ್ಳು ಹೇಳಬಹುದು. ಅದಕ್ಕೊಂದು ಪರೀಕ್ಷೆ ಇದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಂತೆ ನಾಲ್ಕು ಹನಿ ನೀರಲ್ಲಿ ಒದ್ದೆ ಮಾಡಿ, ಮೀಟರ್ ಜೊತೆ ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಶೇ 75 ತೋರಿಸಬೇಕು. 70 ತೋರಿಸಿದರೆ ಮುಂದೆ ಪ್ರತಿ ಸಲ 5 ಸೇರಿಸಿಕೊಂಡು ಓದಿ.

ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಬೆಳಗಾವಿಯ ಜುಲೈನಲ್ಲಿ ಹೊರಗಿನ ಗಾಳಿಯೇ ನೆನೆದಿರುತ್ತದೆ. ಆಗ ಕಿಟಕಿ ತೆರೆದರೆ ಮನೆ ಒಣಗುತ್ತದೆ ಅನ್ನುವುದು ನಿಜವಲ್ಲ, ಜಿಟಿಜಿಟಿ ಮಳೆಯಲ್ಲಿ ಇನ್ನಷ್ಟು ತೇವ ಒಳಗೆ ಬರುತ್ತದೆ. ಆಗ ನೀವು ನೋಡಬೇಕಾದ್ದು ಕೋಣೆ ಕೋಣೆಗಳ ನಡುವಿನ ವ್ಯತ್ಯಾಸ. ಎಲ್ಲ ಕೋಣೆಯೂ ಒಂದೇ ಥರ ಇದ್ದು ಒಂದು ಮಾತ್ರ ಸದಾ ಮೇಲೆ ಇದ್ದರೆ ಆ ಕೋಣೆಯಲ್ಲಿ ಬೇರೆ ನೀರಿನ ಮೂಲವಿದೆ. ವಿಜಯಪುರದಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಹೊರಗೆ ಒಣ ಹವೆ ಇದ್ದೂ ಒಳಗೆ ಶೇ 65 ಇದ್ದರೆ ಸುಮ್ನೆ ಮಳೆಯ ಮೇಲೆ ಹಾಕಬೇಡಿ, ಪೈಪು ಸೋರುತ್ತಿರಬಹುದು.

ಮೂರನೇ ಹೆಜ್ಜೆ: ನೀರು ಎಲ್ಲಿಂದ ಬಂತು

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ.

ಹಿಂದವಾಡಿಯ ನಮ್ಮ ಪರಿಚಯದವರ ಮನೆಯಲ್ಲಿ ಮಲಗುವ ಕೋಣೆಯ ಗೋಡೆಗೆ ಪ್ರತಿ ದೀಪಾವಳಿಗೆ ಬಣ್ಣ ಹೊಡೆಸುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಕಲೆ. ಮಳೆ ನೀರೇ ಅಂತ ಹೊರಗೆ ವಾಟರ್‌ಪ್ರೂಫಿಂಗ್ ಕೂಡ ಮಾಡಿಸಿದ್ದರು. ಕೊನೆಗೆ ಬಂದ ಒಬ್ಬ ವಯಸ್ಸಾದ ಗೌಂಡಿ ಉಳಿಯ ತುದಿಯಿಂದ ಪ್ಲಾಸ್ಟರ್ ಕೆರೆದ. ನೆಲದ ಹತ್ತಿರ ಹಸಿ ಮಣ್ಣಿನಂತೆ ಉದುರಿತು. ಸೊಂಟದ ಎತ್ತರದಲ್ಲಿ ಗಟ್ಟಿ, ಒಣ. "ಅಕ್ಕಾರ, ಮಳಿ ನೀರಾಗಿದ್ರ ಮ್ಯಾಲಿಂದ ಇಳೀತಿತ್ರಿ. ಇದು ಕೆಳಗಿಂದ ಏರೈತಿ. ಗ್ವಾಡಿ ಆಚಿ ಏನೈತಿ? ಬಚ್ಚಲ ಅಲ್ರೀ?" ಅಂದ. ಬಚ್ಚಲಿನ ಟೈಲ್ಸ್ ಸಂದಿಯಿಂದ ನೀರು ಇಳಿಯುತ್ತಿತ್ತು. ಯಾವ ಯಂತ್ರವೂ ಬೇಕಾಗಲಿಲ್ಲ.

ನೀವೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಗೋಡೆಯ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಹಾಳೆಯ ಒಳಮೈಗೆ ನೀರು ಕೂತರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಗೆ ಕೂತರೆ ಕೋಣೆಯ ಗಾಳಿಯಿಂದ ಬರುತ್ತಿದೆ. ಬಚ್ಚಲಿನ ಅನುಮಾನ ಇದ್ದರೆ ನೀರು ಹೋಗುವ ತೂತು ಬಿಗಿಯಾಗಿ ಮುಚ್ಚಿ, ಎರಡು ಬೆರಳು ನೀರು ನಿಲ್ಲಿಸಿ, 24 ಗಂಟೆ ಕಾದು, ಆಚೆ ಗೋಡೆ ಮತ್ತು ಕೆಳಗಿನ ಛಾವಣಿ ನೋಡಿ. ಪೈಪಿನ ಅನುಮಾನ ಇದ್ದರೆ ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕಿಗೆ ಬರುವ ನೀರನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಿ. ಯಾರೂ ಬಳಸದೆ ನೀರು ಇಳಿದಿದ್ದರೆ ಉತ್ತರ ಸಿಕ್ಕಿತು. ಮಾಳಿಗೆಯ ಮೇಲೆ ನೀರು ನಿಲ್ಲಿಸಿ ನೋಡುವುದು ಗೌಂಡಿಯ ಜೊತೆ ಮಾಡುವ ಕೆಲಸ, ಹಳೆಯ ಮಾಳಿಗೆಗೆ ಭಾರ ತಡೆಯದೆ ಹೋಗಬಹುದು.

ಪ್ರವಾಹ ಬಂದ ಮನೆಗಳ ವಿಷಯ ಬೇರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಉಕ್ಕಿದಾಗ ಗೋಕಾಕ, ರಾಮದುರ್ಗ, ಮುಧೋಳ ಕಡೆ ಮನೆಗಳ ಒಳಗೇ ನೀರು ನುಗ್ಗಿತ್ತು. ಒದ್ದೆಯಾದ ಸಾಮಾನು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಶುರುವಾಗುತ್ತದೆ. ಅಂಥ ಮನೆಯಲ್ಲಿ ಹಾಸಿಗೆ, ಪ್ಲೈವುಡ್, ಸೋಫಾ ಟೆಸ್ಟ್ ಮಾಡಿಸುತ್ತಾ ಕೂರಬೇಡಿ. ಮನಸ್ಸು ಗಟ್ಟಿ ಮಾಡಿ ಹೊರಗೆ ಹಾಕಿ.

ನಾಲ್ಕನೇ ಹೆಜ್ಜೆ: ಬೂಷ್ಟು ಬಿಟ್ಟು ಉಳಿದ ಗಾಳಿ

ಮೊದಲು ಗ್ಯಾಸ್ ಗೀಸರ್. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಜೀವ ಬಿಟ್ಟ ಘಟನೆಗಳು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಆಗಿವೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಬಂಬಿಗೆ ಕಟ್ಟಿಗೆ ಹಾಕಿ ನೀರು ಕಾಯಿಸುವ ಮನೆಗಳಲ್ಲೂ ಹೊಗೆ ಹೊರಗೆ ಹೋಗಲು ದಾರಿ ಇರಲೇಬೇಕು. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಇರಲಿ. ಬೂಷ್ಟಿನ ಪರೀಕ್ಷೆಗಿಂತ ಮೊದಲು ಇದನ್ನು ಮಾಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಆಮೇಲೆ ಸೂಕ್ಷ್ಮ ಧೂಳು, ಅಂದರೆ ಪಿಎಂ 2.5. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅಗರಬತ್ತಿ, ಸೊಳ್ಳೆ ಬತ್ತಿ, ಒಗ್ಗರಣೆ ಎಲ್ಲವೂ ಇದನ್ನು ಏರಿಸುತ್ತವೆ. ಕಬ್ಬು ಕಡಿದ ಮೇಲೆ ರವದಿ ಸುಡುವ ದಿನಗಳಲ್ಲಿ, ಉದ್ಯಮಬಾಗದ ಫೌಂಡ್ರಿಗಳ ಆಸುಪಾಸಿನಲ್ಲಿ ಹೊರಗಿನಿಂದಲೂ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊರಗಿನ ಗಾಳಿಯ ಮಟ್ಟ ನೋಡಬಹುದು. ಒಳಗೆ ಹೊರಗಿಗಿಂತ ಜಾಸ್ತಿ ಇದ್ದರೆ ಮೂಲ ನಿಮ್ಮ ಮನೆಯಲ್ಲೇ ಇದೆ.

ಕಾರ್ಬನ್ ಡೈಆಕ್ಸೈಡ್ ಹೊರಗೆ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ ಇರುತ್ತದೆ. ಕಿಟಕಿ ಹಾಕಿ ಮಲಗಿದ ಕೋಣೆಯಲ್ಲಿ ಬೆಳಗ್ಗೆ 1000 ದಾಟಿದ್ದರೆ ಗಾಳಿಯಾಡುತ್ತಿಲ್ಲ ಅಂತ ಅರ್ಥ. ಮೀಟರ್ ಕೊಳ್ಳುವಾಗ ಈ ಅನಿಲವನ್ನೇ ನೇರವಾಗಿ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇದೆಯಾ ಕೇಳಿ, ಇಲ್ಲದಿದ್ದರೆ ಅದು ಬೇರೆ ಅನಿಲ ನೋಡಿ ಅಂದಾಜು ಹೇಳುವ ಮೀಟರ್ ಆಗಿರಬಹುದು. ಹೊಸ ಪ್ಲೈವುಡ್, ಎಂಡಿಎಫ್ ಕೆಲಸ ಆದ ಮನೆಯಲ್ಲಿ ಕಣ್ಣು ಉರಿದರೆ, ಅವುಗಳ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲದ ಪರೀಕ್ಷೆಗೆ ಕಾರಣವಿದೆ.

ಐದನೇ ಹೆಜ್ಜೆ: ಸರಿಯಾದ ಜನರನ್ನು ಹುಡುಕುವುದು

ಗಾಳಿ, ಬೂಷ್ಟು ಪರೀಕ್ಷೆ ಮಾಡುವವರನ್ನು ಬೆಳಗಾವಿಯವರು ಪುಣೆ, ಗೋವಾ ಅಥವಾ ಬೆಂಗಳೂರಿನಿಂದ ಕರೆಸಬೇಕಾಗಬಹುದು. ಹಾಗಾಗಿ ಫೋನಿನಲ್ಲೇ ಎಲ್ಲ ಕೇಳಿ ಮುಗಿಸಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ? ಇದೆ ಅಂದರೆ ಅಷ್ಟಕ್ಕೇ ಬಿಡಬೇಡಿ. ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬ್ ಗಾಳಿಗೂ ಪಡೆದಿರಬೇಕು ಅಂತೇನಿಲ್ಲ. ಎನ್‌ಎಬಿಎಲ್ ಜಾಲತಾಣದಲ್ಲಿ ಲ್ಯಾಬಿನ ಹೆಸರು ಹಾಕಿದರೆ ಯಾವ ಪರೀಕ್ಷೆಗೆ ಮಾನ್ಯತೆ ಇದೆ ಎಂಬ ಪಟ್ಟಿ ಸಿಗುತ್ತದೆ.

ಗಾಳಿ ಎಳೆಯುವ ಪಂಪನ್ನು ಕೊನೆಯ ಸಲ ಯಾವಾಗ ಕ್ಯಾಲಿಬ್ರೇಟ್ ಮಾಡಿಸಿದ್ದೀರಿ, ಅಂದರೆ ಅಳತೆ ಸರಿ ಇದೆಯಾ ಅಂತ ನೋಡಿಸಿದ್ದೀರಿ ಅಂತ ಕೇಳಿ. ಹೊರಗಿನ ಗಾಳಿಯ ಸ್ಯಾಂಪಲ್ ತೆಗೆಯುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ಫೋನ್ ಇಟ್ಟುಬಿಡಿ. ಭೇಟಿ, ಪ್ರಯಾಣ, ಒಂದೊಂದು ಸ್ಯಾಂಪಲ್, ವರದಿ, ಪ್ರತಿಯೊಂದರ ದರ ಬೇರೆ ಬೇರೆ ಬರೆಸಿಕೊಳ್ಳಿ. ಪರೀಕ್ಷೆ ಮಾಡುವವರೇ ಬೂಷ್ಟು ತೆಗೆಯುವ ಗುತ್ತಿಗೆಯನ್ನೂ ಕೇಳಿದರೆ ನಾನಂತೂ ಒಪ್ಪುವುದಿಲ್ಲ. ಪರೀಕ್ಷೆ ಉಚಿತ ಅಂದವರನ್ನು ಇನ್ನೂ ದೂರ ಇಡಿ.

ಆನ್‌ಲೈನ್‌ನಲ್ಲಿ ಸಿಗುವ, ತಟ್ಟೆ ತೆರೆದಿಟ್ಟು ಬೂಷ್ಟು ಬೆಳೆಸುವ ಕಿಟ್ ತರಬೇಡಿ. ಬೀಜಕಣ ಎಲ್ಲ ಕಡೆ ಇರುತ್ತವೆ, ಯಾರ ಮನೆಯಲ್ಲಿಟ್ಟರೂ ಏನಾದರೊಂದು ಬೆಳೆದೇ ಬೆಳೆಯುತ್ತದೆ.

ಆರನೇ ಹೆಜ್ಜೆ: ಪರೀಕ್ಷೆಯ ದಿನ

ಹಿಂದಿನ ದಿನ ಮನೆ ತೊಳೆಯಬೇಡಿ, ಫಿನೈಲ್ ಹಾಕಬೇಡಿ, ಕಲೆ ಒರೆಸಬೇಡಿ. ನೆಂಟರು ಬರುವಾಗ ಮಾಡುವಂತೆ ಸ್ವಚ್ಛ ಮಾಡಿಟ್ಟರೆ ಪರೀಕ್ಷೆಯೇ ಹಾಳು. ಹಿಂದಿನ ರಾತ್ರಿಯಿಂದ ಕಿಟಕಿ, ಹೊರಬಾಗಿಲು ಹಾಕಿಡಿ, ಓಡಾಡಲು ಮಾತ್ರ ತೆರೆಯಿರಿ. ಅವತ್ತು ಬೆಳಗ್ಗೆ ಅಗರಬತ್ತಿ, ಧೂಪ, ಕರಿಯುವುದು ಬೇಡ. ಫ್ಯಾನ್ ನಿಲ್ಲಿಸಿ. ಜೋರು ಮಳೆ ಸುರಿಯುತ್ತಿದ್ದರೆ ದಿನ ಮುಂದೂಡಲು ಹೇಳಿ, ಹೊರಗಿನ ಸ್ಯಾಂಪಲ್ ಏರುಪೇರಾಗುತ್ತದೆ.

ಕೆಲಸ ಬಲ್ಲವರು ಬಂದ ಕೂಡಲೇ ಪಂಪ್ ತೆಗೆಯುವುದಿಲ್ಲ. ಮೊದಲು ನಿಮ್ಮ ನಕ್ಷೆ, ಫೋಟೊ ನೋಡುತ್ತಾರೆ, ಸೋರಿದ್ದು ಯಾವಾಗ ಅಂತ ಕೇಳುತ್ತಾರೆ. ಗೋಡೆಗೆ ತೇವದ ಮೀಟರ್ ಹಿಡಿಯುತ್ತಾರೆ. ಮರದಲ್ಲಿ ಶೇ 20ರ ಹತ್ತಿರ ಬಂದರೆ ಚಿಂತೆಯ ವಿಷಯ. ಇಟ್ಟಿಗೆ ಗೋಡೆಯಲ್ಲಿ ಆ ಸಂಖ್ಯೆಗೆ ನೇರ ಅರ್ಥವಿಲ್ಲ, ಒಣ ಜಾಗಕ್ಕೆ ಹೋಲಿಸಿ ನೋಡಬೇಕು. ಉಪ್ಪು ಇರುವ ಗೋಡೆ ಒಣಗಿದ್ದರೂ ಮೀಟರ್ ಜಾಸ್ತಿ ತೋರಿಸುತ್ತದೆ. ಥರ್ಮಲ್ ಕ್ಯಾಮೆರಾ ತಂದರೆ ಅದರ ನೀಲಿ ಬಣ್ಣ ನೋಡಿ ಬೆರಗಾಗಬೇಡಿ. ಅದು ತೋರಿಸುವುದು ತಂಪನ್ನು, ನೀರನ್ನಲ್ಲ. ಅದೇ ಜಾಗಕ್ಕೆ ಮೀಟರ್ ಹಿಡಿದು ಖಚಿತ ಮಾಡಿಕೊಳ್ಳಬೇಕು.

ಗಾಳಿಯ ಸ್ಯಾಂಪಲ್‌ಗೆ ಸಾಮಾನ್ಯವಾಗಿ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಸೆಟ್ ಕೂರಿಸುತ್ತಾರೆ. ಅದರೊಳಗೆ ಅಂಟು ಬಳಿದ ಗಾಜು. ಪಂಪ್ ನಿಮಿಷಕ್ಕೆ 15 ಲೀಟರಿನಂತೆ 5 ನಿಮಿಷ, ಅಂದರೆ 75 ಲೀಟರ್ ಗಾಳಿ ಎಳೆಯುತ್ತದೆ. ಬೀಜಕಣ ಅಂಟಿಗೆ ಹಿಡಿಯುತ್ತವೆ. ದೂರು ಇರುವ ಕೋಣೆಯಲ್ಲಿ ಒಂದು, ದೂರು ಇಲ್ಲದ ಕೋಣೆಯಲ್ಲಿ ಒಂದು, ಹೊರಗೆ ಕನಿಷ್ಠ ಒಂದು ತೆಗೆಯಲೇಬೇಕು. ಕಲೆ ಬೂಷ್ಟೋ ಅಲ್ಲವೋ ಅಂತಷ್ಟೇ ತಿಳಿಯಬೇಕಾದರೆ ಟೇಪ್ ಒತ್ತಿ ತೆಗೆಯುವ ಸ್ಯಾಂಪಲ್ ಸಾಕು. ಪ್ರತಿ ಕ್ಯಾಸೆಟ್ ಮೇಲೆ ಸಂಖ್ಯೆ, ಜಾಗ, ಸಮಯ ಬರೆದದ್ದನ್ನು ನೀವೂ ಫೋಟೊ ತೆಗೆದುಕೊಳ್ಳಿ.

ಏಳನೇ ಹೆಜ್ಜೆ: ವರದಿ ಓದುವುದು

ಮೊದಲು ಒಳಗಿನದನ್ನು ಹೊರಗಿನದಕ್ಕೆ ಹೋಲಿಸಿ. ಮಳೆಗಾಲದಲ್ಲಿ ಹೊರಗೇ ಬೀಜಕಣ ಜಾಸ್ತಿ. ಹೊರಗೆ ಜಾಸ್ತಿ ಇದ್ದು ಒಳಗೆ ಅದೇ ಜಾತಿಯದ್ದು ಕಡಿಮೆ ಇದ್ದರೆ ಸಮಾಧಾನ. ಹೊರಗೆ ಹೆಚ್ಚು ಕಾಣದ ಆಸ್ಪರ್ಜಿಲ್ಲಸ್-ಪೆನಿಸಿಲಿಯಂ ಒಳಗೆ ಮಾತ್ರ ರಾಶಿ ಬಂದಿದ್ದರೆ ಮೂಲ ಮನೆಯಲ್ಲಿದೆ. ಇವೆರಡರ ಬೀಜಕಣ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವುದರಿಂದ ವರದಿಯಲ್ಲಿ ಒಟ್ಟಿಗೇ ಬರೆದಿರುತ್ತಾರೆ. ಸ್ಟ್ಯಾಕಿಬೋಟ್ರಿಸ್ ಎಂಬ ಬೂಷ್ಟಿನ ಹೆಸರು ಬಂದರೆ ಬಹಳ ದಿನ ಒದ್ದೆಯಾಗಿರುವ ಕಾಗದ, ಜಿಪ್ಸಂ ಬೋರ್ಡ್, ಪ್ಲೈವುಡ್ ಎಲ್ಲಿದೆ ಅಂತ ಹುಡುಕಿ.

ಸಣ್ಣ ಸಂಖ್ಯೆಗಳಿಗೆ ಹೆದರಬೇಡಿ. 75 ಲೀಟರಿನಲ್ಲಿ ಒಂದೇ ಒಂದು ಬೀಜಕಣ ಕಂಡರೂ ಘನ ಮೀಟರಿನ ಲೆಕ್ಕದಲ್ಲಿ ಅದು 13 ಆಗುತ್ತದೆ. ಹಾಗಾಗಿ 13, 27, 40 ಅಂತ ಇದ್ದರೆ ಎಣಿಸಿದ್ದು ಒಂದು, ಎರಡು, ಮೂರು ಕಣ ಇರಬಹುದು. ಎಣಿಸಿದ ಮೂಲ ಸಂಖ್ಯೆಯ ಕಾಲಂ ಇಲ್ಲದಿದ್ದರೆ ಲ್ಯಾಬಿಗೆ ಕೇಳಿ. ಇನ್ನೊಂದು, 5 ನಿಮಿಷದ ಗಾಳಿ ಅಂದರೆ 5 ನಿಮಿಷದ್ದೇ. ವರದಿ ಚೆನ್ನಾಗಿದ್ದು ಗೋಡೆ ಮಾತ್ರ ಹಸಿಯಾಗೇ ಇದ್ದರೆ ಗೋಡೆಯನ್ನೇ ನಂಬಿ. ಕೆಮ್ಮಿಗೆ ಕಾರಣ ಏನು ಅಂತ ಈ ಕಾಗದ ಹೇಳಲಾರದು, ಅದನ್ನು ವೈದ್ಯರ ಹತ್ತಿರ ತೆಗೆದುಕೊಂಡು ಹೋಗಿ.

ಎಂಟನೇ ಹೆಜ್ಜೆ: ತೆಗೆಯುವುದು, ಮತ್ತೆ ನೋಡುವುದು

ನೀರು ನಿಲ್ಲಿಸಿ, ಗೋಡೆ ಒಣಗಿಸಿ, ಆಮೇಲೆ ಬೂಷ್ಟು ತೆಗೆಯಿರಿ. ಈ ಕ್ರಮ ತಪ್ಪಿಸಬೇಡಿ. ಕಲೆ ಸುಮಾರು 10 ಚದರ ಅಡಿ, ಅಂದರೆ ಮೂರು ಅಡಿ ಉದ್ದ ಮೂರು ಅಡಿ ಅಗಲದ ಒಳಗಿದ್ದರೆ ಆರೋಗ್ಯವಾಗಿರುವವರು ತಾವೇ ಮಾಡಬಹುದು. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿ. ಒಣ ಪೊರಕೆ ಬೇಡ, ಬೀಜಕಣ ಮನೆಯೆಲ್ಲ ಹರಡುತ್ತವೆ. ಸೋಪಿನ ನೀರಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿ ಒರೆಸಿ, ಒಣಗಿಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ಲೀಚಿಂಗ್ ಮತ್ತು ಟಾಯ್ಲೆಟ್ ಕ್ಲೀನರ್ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಬೂಷ್ಟು ಹಿಡಿದ ಪ್ಲೈವುಡ್, ಜಿಪ್ಸಂ ಸೀಲಿಂಗ್ ಒರೆಸಿ ಪ್ರಯೋಜನವಿಲ್ಲ, ಕತ್ತರಿಸಿ ತೆಗೆಯಬೇಕು. ಹಸಿ ಗೋಡೆಯ ಮೇಲೆ ಆ್ಯಂಟಿಫಂಗಲ್ ಬಣ್ಣ ಹೊಡೆಸಿದರೆ ಮುಂದಿನ ವರ್ಷ ಅದೂ ಎದ್ದುಬರುತ್ತದೆ. ಓಝೋನ್ ಯಂತ್ರ, ಹೊಗೆ ಬಿಡುವ ಫಾಗಿಂಗ್ ಇವಕ್ಕೆ ಹಣ ಸುರಿಯಬೇಡಿ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಓಝೋನ್ ಅಂತೂ ಶ್ವಾಸಕೋಶಕ್ಕೇ ಕೆಟ್ಟದ್ದು.

ಮಳೆಗಾಲ ಪೂರ್ತಿ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಿಡಿ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಒಳಗೆ ಬಟ್ಟೆ ಒಣಹಾಕುವುದಾದರೆ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಅಥವಾ ಎಸಿಯ ಡ್ರೈ ಮೋಡ್ ಓಡಿಸಿ.

ಮರುಪರೀಕ್ಷೆ ಮಾಡಿಸುವುದಾದರೆ ಗೋಡೆ ಒಣಗಿದೆ ಅಂತ ಮೀಟರ್ ಹೇಳಿದ ಮೇಲೆ, ಹೊಸ ಬಣ್ಣ ಹೊಡೆಸುವ ಮೊದಲು ಮಾಡಿಸಿ. ಮೊದಲಿನ ಜಾಗದಲ್ಲೇ, ಮೊದಲಿನ ವಿಧಾನದಲ್ಲೇ ಆಗಬೇಕು, ಇಲ್ಲದಿದ್ದರೆ ಎರಡು ವರದಿ ಹೋಲಿಸಲು ಆಗುವುದಿಲ್ಲ. ಬಣ್ಣದವರಿಗೆ ಅವಸರ ಇರುತ್ತದೆ, ದೀಪಾವಳಿ ಹತ್ತಿರ ಬಂದರೆ ನಿಮಗೂ ಇರುತ್ತದೆ. ಮೀಟರ್ ಒಪ್ಪುವ ತನಕ ಪುಟ್ಟಿ ಹಚ್ಚಲು ಬಿಡಬೇಡಿ.